ಡೇಟಿಂಗ್ ಆಪ್‌ಗಳಿಂದ ಪೂರ್ತಿ ಸುಸ್ತಾಗಿದೆ, ಡಿಲೀಟ್ ಮಾಡಿದ್ರೂ ವಾರದೊಳಗೆ ಮತ್ತೆ ಹಾಕ್ತೀನಿ. ಏನ್ ಮಾಡ್ಲಿ? ಎರಡು ವರ್ಷ ಆಯ್ತು, ನನ್ನಲ್ಲೇ ಏನೋ ಸರಿ ಇಲ್ವಾ?

ನೀವು ಕೇಳಿರೋದ್ರಲ್ಲಿ ಎರಡು ಪ್ರಶ್ನೆ ಇದೆ. ಒಂದು, ಡಿಲೀಟ್ ಮಾಡಿ ಮತ್ತೆ ಹಾಕೋ ಚಟ ಬಿಡೋದು ಹೆಂಗೆ ಅಂತ. ಇನ್ನೊಂದು ಕೊನೇ ಸಾಲಲ್ಲಿ ಮೆಲ್ಲಗೆ ಸೇರಿಸಿದೀರ, "ಎರಡು ವರ್ಷ ಆಯ್ತು, ನನ್ನಲ್ಲೇ ಏನೋ ಸರಿ ಇಲ್ವಾ" ಅಂತ. ಅದಕ್ಕೆ ಮೊದಲು ಹೇಳಿಬಿಡ್ತೀನಿ, ಅದು ನನಗೆ ಗೊತ್ತಿಲ್ಲ, ಆದ್ರೆ ಆಪ್‌ಗೂ ಗೊತ್ತಿಲ್ಲ.

ನನ್ ವಿಷಯ ಕೇಳಿ. ವಯಸ್ಸು 33, ಊರು ತಿಪಟೂರು, ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲ್ಸ. ಮೂರು ವರ್ಷ, ಮೂರು ಆಪು. ರಾತ್ರಿ ಊಟ ಆದ್ಮೇಲೆ ಹಾಸಿಗೆ ಮೇಲೆ ಬಿದ್ಕೊಂಡು ಹತ್ತೂವರೆಯಿಂದ ಹನ್ನೆರಡೂವರೆ ತನಕ ಬೆರಳು ಆಡ್ಸೋದು, ಮ್ಯಾಚ್ ಆದ್ರೆ ಹಾಯ್, ಯಾವ ಏರಿಯಾ, ಏನ್ ಕೆಲ್ಸ, ವೀಕೆಂಡ್ ಏನ್ ಮಾಡ್ತೀರ, ಬೆಟ್ಟಾನಾ ಬೀಚಾ. ನಾಲ್ಕನೇ ದಿನಕ್ಕೆ ಅವ್ರು ಮಾಯ, ಇಲ್ಲಾಂದ್ರೆ ನಾನೇ ಮಾಯ, ಯಾಕಂದ್ರೆ ನಾನೂ ಏನ್ ದೊಡ್ಡ ಸಾಚಾ ಅಲ್ಲ.

ಪ್ರತಿ ಸಲ ಹೊಸದಾಗಿ ಟೈಪ್ ಮಾಡೋಕೆ ಬೇಜಾರಾಗಿ ಫೋನಿನ ನೋಟ್ಸಲ್ಲಿ ಒಂದು ಜೋಕ್ ಬರೆದಿಟ್ಟಿದ್ದೆ. "ನಮ್ಮೂರಲ್ಲಿ ತೆಂಗಿನಕಾಯಿನ ವರ್ಷದ ಹತ್ರ ಅಟ್ಟದ ಮೇಲೆ ಇಟ್ಟು ಕೊಬ್ಬರಿ ಮಾಡ್ತಾರೆ, ನಮ್ಮಮ್ಮ ನನ್ನನ್ನೂ ಹಂಗೇ ಇಟ್ಟಿದಾರೆ, ಇನ್ನೂ ರೇಟ್ ಬಂದಿಲ್ಲ." ಚೆನ್ನಾಗೇ ಓಡ್ತಿತ್ತು. ಒಂದಿನ ಒಬ್ರಿಗೆ ಪೇಸ್ಟ್ ಮಾಡ್ದೆ. ಐದು ನಿಮಿಷ ಬಿಟ್ಟು ಅವ್ರಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಹಿಂದಿನ ವರ್ಷ ಬೇರೆ ಆಪ್‌ನಲ್ಲಿ ಅದೇ ಜೋಕನ್ನ ಅವ್ರಿಗೇ ಕಳ್ಸಿದ್ದೆ. ಕೆಳಗೆ "ಇನ್ನೂ ರೇಟ್ ಬಂದಿಲ್ವಾ?" ಅಂತ ಕೇಳಿದ್ರು. ನಾಚಿಕೆ ಆಗಿದ್ದು ಜೋಕಿಗಲ್ಲ. ಹನ್ನೊಂದು ದಿನ ಮಾತಾಡಿದ್ವಂತೆ, ಅವ್ರ ಅಜ್ಜಿ ಆಪರೇಷನ್ ವಿಷಯ ಎಲ್ಲಾ ಹೇಳ್ಕೊಂಡಿದ್ರಂತೆ, ನನಗೆ ಒಂದೇ ಒಂದು ಸಾಲೂ ನೆನಪಿಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅಂದ್ರೇನು ಅಂತ ಹೇಳಿದಾಗ ಮೂರು ಲಕ್ಷಣ ಕೊಟ್ಟಿತ್ತು: ಶಕ್ತಿಯೆಲ್ಲಾ ಬಸಿದು ಹೋಗೋದು, ಮಾಡೋದ್ರ ಬಗ್ಗೆ ಅಸಡ್ಡೆ ಬರೋದು, ನನ್ ಕೈಲಿ ಆಗ್ತಿಲ್ಲ ಅನ್ಸೋದು. ಅದು ನೌಕರಿಗೆ ಮಾತ್ರ ಅನ್ವಯಿಸೋ ಪದ ಅಂತಾನೂ ಹೇಳಿದಾರೆ. ಸರಿ, ಆದ್ರೆ ನಾನು ಇದನ್ನ ಸೆಕೆಂಡ್ ಶಿಫ್ಟ್ ತರಾನೇ ಮಾಡ್ತಿದ್ದೆ, ಟೆಂಪ್ಲೇಟ್ ಸಮೇತ.

ಇನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡೋ ವಿಷಯ. ನಮ್ಮೂರ ಕಡೆ ಜಾತ್ರೇಲಿ ಅಂದರ್ ಬಾಹರ್ ಆಡೋರನ್ನ ನೋಡಿದೀರಲ್ಲ, ದಿನಾ ಸೋತ್ರೆ ಯಾವತ್ತೋ ಬಿಟ್ಟಿರೋರು, ಆದ್ರೆ ಏಳು ಸಲ ಸೋತು ಎಂಟನೇ ಸಲ ಗೆಲ್ತಾರೆ ನೋಡಿ, ಅಲ್ಲೇ ಸಿಕ್ಕಾಕೊಳ್ಳೋದು. ಸ್ಕಿನ್ನರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಇದನ್ನೇ ತೋರಿಸಿದ್ದ, ಕಾಳು ಯಾವಾಗ ಬೀಳುತ್ತೆ ಅಂತ ಗೊತ್ತಿಲ್ಲದಿದ್ರೆ ಪಾರಿವಾಳ ಕುಕ್ಕೋದು ನಿಲ್ಸಲ್ಲ. ಆಪ್‌ನಲ್ಲಿ ಮ್ಯಾಚ್ ಅನ್ನೋದೂ ಅಂಥದ್ದೇ ಕಾಳು. ಇನ್ನೊಂದು ಆಪ್‌ಗೆ ಹೋದ್ರೆ ಸರಿ ಹೋಗುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಟಿಂಡರ್, ಹಿಂಜ್, ಓಕೆಕ್ಯುಪಿಡ್ ಮೂರೂ ಮ್ಯಾಚ್ ಗ್ರೂಪ್ ಅನ್ನೋ ಒಂದೇ ಕಂಪನೀದು. ಬೋರ್ಡ್ ಬೇರೆ ಬೇರೆ, ಗಲ್ಲಾಪೆಟ್ಟಿಗೆ ಒಂದೇ.

ಎಲ್ಲಾ ತೆಗ್ದು ಎರಡು ತಿಂಗಳು ಸುಮ್ನಿರೋಣ ಅಂತ ಹೊರಟೆ. ಒಂಬತ್ತನೇ ದಿನ ಮತ್ತೆ ಹಾಕ್ದೆ. ಯಾಕೆ ಅಂದ್ರೆ ಆಪ್ ಹೋಯ್ತು, ಹತ್ತೂವರೆ ಗಂಟೆ ಮಾತ್ರ ದಿನಾ ಬರ್ತಾನೇ ಇತ್ತು. ಆಮೇಲೆ ಫೋನ್ ಚಾರ್ಜರನ್ನ ಅಡುಗೆಮನೆಗೆ ಹಾಕ್ದೆ, ಮಿಕ್ಸಿ ಪಕ್ಕ. ಹತ್ತು ಗಂಟೆಗೆ ಫೋನ್ ಅಲ್ಲಿಗೆ. ಮೊದಲನೇ ವಾರ ನೀರು ಕುಡಿಯೋ ನೆಪದಲ್ಲಿ ಎದ್ದು ಎದ್ದು ಹೋಗ್ತಿದ್ದೆ, ಅಲ್ಲಿ ನಿಂತ್ಕೊಂಡೇ ಎಷ್ಟು ಹೊತ್ತು ನೋಡ್ತೀರ, ಕಾಲು ನೋವು ಬಂದು ಬಿಟ್ಟೆ.

ಈಗ ಇರೋದು ಒಂದೇ ಆಪು, ಒಂದು ಸಲಕ್ಕೆ ಮೂರು ಜನಕ್ಕಿಂತ ಜಾಸ್ತಿ ಮಾತಾಡಲ್ಲ. ನೋಟ್ಸಲ್ಲಿದ್ದ ಜೋಕ್ ಅಳಿಸಿದೆ. ವಾರ ಚಾಟ್ ಮಾಡಿ ಸರಿ ಅನ್ಸಿದ್ರೆ ಒಂದು ವಿಡಿಯೋ ಕಾಲ್, ಆಮೇಲೆ ದರ್ಶಿನೀಲಿ ಭೇಟಿ, ಜಾಗ ಅವ್ರೇ ಹೇಳ್ತಾರೆ. ಕೆಫೆಗೆ ಹೋದ್ರೆ ಇಬ್ರಿಗೆ ಸಾವಿರ ರೂಪಾಯಿ ಬಿಲ್ಲು, ಬಿಲ್ ಯಾರು ಕೊಡೋದು ಅಂತ ಒಂದು ನಾಟಕ, ಇಷ್ಟ ಆಗ್ಲಿಲ್ಲ ಅಂದ್ರೂ ಒಂದೂವರೆ ಗಂಟೆ ಕೂತಿರ್ಬೇಕು. ದರ್ಶಿನೀಲಿ ನಿಂತ್ಕೊಂಡು ಬೈಟು ಕಾಫಿ, ಸರಿ ಇಲ್ಲಾಂದ್ರೆ ಹದಿನೈದು ನಿಮಿಷಕ್ಕೆ ಲೋಟ ಇಟ್ಟು ನಮಸ್ಕಾರ ಅಂತ ಬರ್ಬಹುದು. ಜಯನಗರದಲ್ಲಿ ಒಬ್ರ ಜೊತೆ ಖಾಲಿ ದೋಸೆಗೆ ಚಟ್ನಿನಾ ಸಾಗುನಾ ಅಂತ ನಲವತ್ತು ನಿಮಿಷ ಜಗಳ ಆಡ್ದೆ, ಪಕ್ಕದ ಟೇಬಲ್ ಅಂಕಲ್ ಒಬ್ರು ಮಧ್ಯೆ ಬಂದು ಎರಡೂ ಅಂತ ತೀರ್ಪು ಕೊಟ್ರು. ಮಾರನೇ ದಿನ ಅವ್ರು ಬೇಡ ಅಂತ ಮೆಸೇಜ್ ಮಾಡಿದ್ರು. ಬೇಜಾರಾಯ್ತು, ಆದ್ರೆ ಅದು ಒಬ್ಬ ಮನುಷ್ಯರು ಬೇಡ ಅಂದಿದ್ದಕ್ಕೆ ಆಗೋ ಬೇಜಾರು, ಇನ್ನೂರು ಜನ ಸುಮ್ನಿದ್ದಿದ್ದಕ್ಕೆ ಆಗೋದಲ್ಲ. ಎರಡು ದಿನಕ್ಕೆ ಹೋಯ್ತು.

ನೀವು ಹೆಣ್ಣುಮಕ್ಕಳಾಗಿದ್ರೆ ಇದ್ರಲ್ಲಿ ಅರ್ಧ ನಿಮಗೆ ಹೊಂದಲ್ಲ ಅಂತ ಗೊತ್ತು. ನನ್ ಟೀಮಿನ ಒಬ್ರು ಒಂದ್ಸಲ ಅವ್ರ ಇನ್‌ಬಾಕ್ಸ್ ತೋರ್ಸಿದ್ರು, ನಮಗೆ ಬರಗಾಲ ಆದ್ರೆ ಅವ್ರಿಗೆ ಪ್ರವಾಹ, ಅದ್ರಲ್ಲಿ ಅರ್ಧಕ್ಕರ್ಧ ಕೊಚ್ಚೆ. ಅವ್ರು ಮಾಡಿದ್ದು, ನೋಟಿಫಿಕೇಶನ್ ಎಲ್ಲಾ ಆಫ್, ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ ತೆಗೀತಾರೆ.

ನಿದ್ದೆ ಊಟ ಎಲ್ಲಾ ಕೆಟ್ಟಿದ್ರೆ ಇಂಥ ಉತ್ತರ ಓದ್ತಾ ಕೂರ್ಬೇಡಿ, 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಹಾಂ, ಇನ್ನೊಂದು. ನೀವು ಡಿಲೀಟ್ ಮಾಡಿದ್ದು ಆಪ್ ಅಷ್ಟೇ ಆಗಿದ್ರೆ ಅಕೌಂಟ್ ಹಂಗೇ ಇರುತ್ತೆ, ದುಡ್ಡು ಕೊಟ್ಟ ಪ್ಲಾನ್ ಇದ್ರೆ ಪ್ಲೇಸ್ಟೋರಲ್ಲಿ ಬೇರೆಯಾಗಿ ಕ್ಯಾನ್ಸಲ್ ಮಾಡ್ಬೇಕು. ಬಿಡೋದಾದ್ರೆ ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಬ್ರೇಕ್ ಮಾತ್ರ ಸಾಕು ಅಂದ್ರೆ ಬಂಬಲ್‌ನಲ್ಲಿ ಸ್ನೂಜ್, ಹಿಂಜ್‌ನಲ್ಲಿ ಪಾಜ್ (Pause) ಅಂತ ಇದೆ, ಇದ್ದ ಮ್ಯಾಚ್ ಹೋಗಲ್ಲ. ನನಗಿದು ಗೊತ್ತಾಗಿದ್ದು ಆಫೀಸ್ ಕ್ಯಾಬಲ್ಲಿ. ನಾನು ಬಿಟ್ಟೆ ಅಂದ್ಕೊಂಡಿದ್ದ ಆಪ್‌ನಲ್ಲಿ ನನ್ ಪ್ರೊಫೈಲ್ ಇನ್ನೂ ಓಡಾಡ್ತಿತ್ತು, ಪಕ್ಕದಲ್ಲಿ ಕೂತಿದ್ದ ಹುಡುಗಿಯ ರೂಂಮೇಟ್‌ಗೆ ಬಂದಿತ್ತಂತೆ, "ಕೊಬ್ಬರಿ ಅಂದ್ರೆ ನೀವೇನಾ?" ಅಂತ ಕೇಳಿದ್ಲು.