ದ್ಯುಪ್ರೇಯ ಓಪಸ್ 7: ಜಿ ಮೈನರ್ ಮೆಲ್ಲಗಿದೆ, ಅದರಿಂದಲೇ ಶುರು ಮಾಡಲಾ?

ಬೇಡ. ಫ್ರಾನ್ಸಿನ ಆರ್ಗನ್ ವಾದಕ ಮಾರ್ಸೆಲ್ ದ್ಯುಪ್ರೇ ಬರೆದ ಈ ಓಪಸ್ 7ರಲ್ಲಿ (ಓಪಸ್ ಅಂದರೆ ಕೃತಿಸಂಖ್ಯೆ) ಆರ್ಗನ್‌ಗಾಗಿ ಮೂರು ಜೋಡಿಗಳಿವೆ, ಪ್ರತಿಯೊಂದರಲ್ಲೂ ಪೀಠಿಕೆಯಂಥ ಪ್ರಿಲ್ಯೂಡ್, ಅದರ ಬೆನ್ನಿಗೇ ಫ್ಯೂಗ್: ಶ್ರುತಿಯ ಹೆಸರಲ್ಲಿ ಹೇಳುವುದಾದರೆ ಬಿ ಮೇಜರ್, ಎಫ್ ಮೈನರ್, ಜಿ ಮೈನರ್. ಮೊದಲನೆಯದಾದ ಬಿ ಮೇಜರ್ ಅಬ್ಬರಕ್ಕೆ ಹೆದರಿ ನಾನೂ ಹೀಗೇ ಜಿ ಮೈನರ್ ಎತ್ತಿಕೊಂಡಿದ್ದೆ. ಆಗ ಪ್ಯಾರಿಸ್‌ನಲ್ಲಿದ್ದೆ, ಆರ್ಗನ್ ಹಿಡಿದು ಮೂರು ವರ್ಷ ಆಗಿತ್ತು. ಮನೆಯಲ್ಲಿದ್ದದ್ದು ಪಿಯಾನೋ, ಚರ್ಚಿನ ಆರ್ಗನ್ ಸಿಗುತ್ತಿದ್ದದ್ದು ವಾರಕ್ಕೆ ಒಂದೇ ಗಂಟೆ. ಸರಿ, ಮೊದಲು ಕೈ ಗಟ್ಟಿಯಾಗಲಿ, ಕಾಲಲ್ಲಿ ನುಡಿಸುವ ಪೆಡಲ್ ಭಾಗ ಆಮೇಲೆ ನೋಡೋಣ ಅಂತ ಆರು ತಿಂಗಳು ಪಿಯಾನೋ ಮೇಲೆ ಕೈ ಭಾಗ ಮಾತ್ರ ತಿಕ್ಕಿದೆ.

ಎಡವಟ್ಟಾಗಿದ್ದು ಇಲ್ಲೇ. ಪಿಯಾನೋ ಮುಂದೆ ಕೂತಾಗ ಪಾದ ನೆಲದ ಮೇಲಿರುತ್ತದೆ, ಅಲ್ವಾ? ಬಲಗೈ ದೂರ ಹೋದಾಗ ಎಡಪಾದ ನೆಲ ಒತ್ತಿ ಮೈಯನ್ನು ಹಿಡಿದುಕೊಳ್ಳುತ್ತದೆ, ನಮಗೆ ಅದು ಗೊತ್ತೂ ಆಗುವುದಿಲ್ಲ. ಅಂದರೆ ನಾನು ಪಳಗಿಸಿದ್ದು ನೆಲದ ಆಸರೆ ಇರುವ ಕೈಗಳನ್ನು. ಆರ್ಗನ್‌ನಲ್ಲಿ ಆ ನೆಲವೇ ಇಲ್ಲ, ಕಾಲ ಕೆಳಗಿರುವುದೂ ಕೀಗಳೇ. ಈ ಪ್ರಿಲ್ಯೂಡ್‌ನಲ್ಲಂತೂ ಮೇಲೆ ಕೈಗಳು ಜೇನ್ನೊಣದ ಹಾಗೆ ಗುಂಯ್‌ಗುಡುತ್ತಿರುವಾಗ ಕೆಳಗೆ ಕಾಲು ನಿಧಾನವಾಗಿ ಹಾಡಬೇಕು, ಅದೂ ಸಾಲದು ಅಂತ ಪಾದದ ತುದಿ, ಹಿಮ್ಮಡಿ ಎಲ್ಲ ಸೇರಿಸಿ ಪೆಡಲ್ ಮೇಲೆ ಕಾರ್ಡ್, ಅಂದರೆ ಒಟ್ಟಿಗೇ ಹಲವು ಸ್ವರ, ಹಿಡಿಯಬೇಕು. ಎರಡೂ ಪಾದ ಹಾಗೆ ಸಿಕ್ಕಿಕೊಂಡರೆ ಉಳಿಯುವುದು ಕೂತ ಬೆಂಚು ಒಂದೇ. ಕಾಲು ಸೇರಿಸಿದ ಮೊದಲ ದಿನ ಮೂರನೇ ಸಾಲಿಗೇ ಜಾರಿದೆ, ಬಿದ್ದೇ ಹೋದೆ ಅಂತ ಕೈ ಎತ್ತಿ ಕೀಬೋರ್ಡ್ ಅಂಚಿನ ಮರ ಹಿಡಿದುಕೊಂಡೆ! ಆರು ತಿಂಗಳು ಕಲಿತದ್ದನ್ನು ಮೈಯಿಂದ ಬಿಡಿಸೋಕೆ ಒಂದು ವರ್ಷ ಬೇಕಾಯಿತು.

ಮೆಲ್ಲಗಿದೆ ಅಂತ ಸುಲಭ ಅಂದುಕೊಳ್ಳಬೇಡಿ. 1912ರಲ್ಲಿ ದ್ಯುಪ್ರೇ ಇವನ್ನು ಬರೆದಾಗ ಮೊದಲನೆಯದನ್ನೂ ಮೂರನೆಯದನ್ನೂ ನುಡಿಸೋಕೇ ಆಗಲ್ಲ ಅಂದಿದ್ದರಂತೆ ಅವರ ಗುರು ವಿದೋರ್, ಹೆಸರಾಂತ ಆರ್ಗನ್ ವಾದಕ, ಸಾಮಾನ್ಯ ಮನುಷ್ಯರಲ್ಲ ಅವರು. ನಿಮ್ಮ ಜಿ ಮೈನರ್ ಆ ಮೂರನೆಯದು. ನನ್ನನ್ನು ಕೇಳಿದರೆ ಓಪಸ್ 7 ಈಗಲೇ ಬೇಡ. ಅದೇ ದ್ಯುಪ್ರೇ ಕಲಿಯುವವರಿಗೆ ಅಂತಲೇ ಬರೆದ ಓಪಸ್ 28ರ 79 ಕೋರಾಲ್‌ಗಳಿವೆ, ಚರ್ಚಿನ ಸ್ತುತಿಗೀತೆಗಳ ಧಾಟಿ ಮೇಲೆ ಕಟ್ಟಿದ ಚಿಕ್ಕ ಕೃತಿಗಳು, ಒಂದು ವರ್ಷ ಅವನ್ನು ನುಡಿಸಿ. ಹಠ ಬಿಡಲ್ಲ ಅಂದರೆ ನಡುವಿನ ಎಫ್ ಮೈನರ್ ತೆಗೆದುಕೊಳ್ಳಿ, ಪಾಪ ಅದನ್ನು ಯಾರೂ ಕೇಳುವುದೇ ಇಲ್ಲ. ಯಾವುದಾದರೂ ಸರಿ, ದಿನಕ್ಕೆ ಎರಡೇ ಬಾರ್ (ತಾಳದ ಎರಡು ಸುತ್ತು) ಆದರೂ ಮೊದಲ ದಿನದಿಂದ ಕೈಕಾಲು ಒಟ್ಟಿಗೇ ನಡೆಯಲಿ. ಪಿಯಾನೋ ಬಿಟ್ಟು ಗತಿಯಿಲ್ಲದ ದಿನ ಎರಡೂ ಪಾದ ನೆಲದಿಂದ ಎತ್ತಿ ನುಡಿಸಿ ನೋಡಿ, ಹೊಟ್ಟೆ ನೋಯುತ್ತದೆ, ನೋಯಲಿ.

ಹಾಂ, ಬೆಂಚಿನ ಎತ್ತರ ಅಳೆದಿಟ್ಟುಕೊಳ್ಳಿ. ನನ್ನ ಆರ್ಗನ್ ಷೂ ಚೀಲದಲ್ಲಿ ಈಗಲೂ ಒಂದು ದರ್ಜಿ ಟೇಪ್ ಇದೆ.