ದಿನಾ ವಾಕಿಂಗ್ ಹೋಗುವ ಅಪ್ಪ ಎಡವಿದರೆ ಯಾಕೆ ಬೀಳುತ್ತಾರೆ?

ಅಪ್ಪನಿಗೆ 68, ದಿನಾ ವಾಕಿಂಗ್ ಹೋಗುತ್ತಾರೆ, ಆದ್ರೂ ನೆಲದಿಂದ ಏಳೋಕೆ ಒದ್ದಾಡುತ್ತಾರೆ, ಎಡವಿದರೆ ಬಿದ್ದೇ ಬಿಡುತ್ತಾರೆ, ಯಾಕೆ ಅಂತ ಕೇಳಿದ್ದೀರಿ.

ನಾನು ಶಿಡ್ಲಘಟ್ಟದ ಕಡೆಯವಳು, ಫಿಜಿಯೋಥೆರಪಿಸ್ಟ್. ನಮ್ಮಮ್ಮ 71ರಲ್ಲೂ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುತ್ತಿದ್ದಳು. ಒಂದು ಸಂಜೆ ರೇಷ್ಮೆ ಹುಳದ ಮನೆಯ ಹೊಸಿಲಿಗೆ ಕಾಲು ತಗುಲಿತು, ಅಷ್ಟೇ. ಕೈಯಲ್ಲಿದ್ದ ಚಂದ್ರಿಕೆ, ಅಂದ್ರೆ ಹುಳ ಗೂಡು ಕಟ್ಟುವ ತಟ್ಟಿ, ಅದರ ಸಮೇತ ಅಂಗಳಕ್ಕೆ ಬಿದ್ದಳು. "ಬೀಳ್ತೀನಿ ಅಂತ ಗೊತ್ತಾಯ್ತು ಕಣೇ, ಕಾಲೇ ಮುಂದೆ ಬರಲಿಲ್ಲ" ಅಂದಳು.

ವಿಷಯ ಇರುವುದೇ ಅಲ್ಲಿ. ವಯಸ್ಸಾದಂತೆ ಮಾಂಸ ಸವೆಯುವುದಕ್ಕೆ 1989ರಿಂದ ಸಾರ್ಕೋಪೀನಿಯಾ ಅಂತ ಹೆಸರಿದೆ. ಗ್ರೀಕಿನಲ್ಲಿ ಮಾಂಸದ ಕೊರತೆ ಅಂತ ಅರ್ಥ. ನನ್ನ ಪ್ರಕಾರ ಆ ಹೆಸರು ಅರ್ಧ ಕಥೆ. ಮಾಂಸಕ್ಕಿಂತ ಬೇಗ ಬಲ ಇಳಿಯುತ್ತದೆ, ಬಲಕ್ಕಿಂತ ಬೇಗ ಚುರುಕು.

ನಮ್ಮ ಕಡೆಯ ಬೋರ್‌ವೆಲ್ ಲೆಕ್ಕದಲ್ಲಿ ನೋಡಿ. ಬೆನ್ನುಹುರಿಯಲ್ಲಿರುವ ಒಂದೊಂದು ನರಕೋಶವೂ ಒಂದು ಬೋರ್. ಕಾಲಿನಲ್ಲಾದರೆ ಅದು ನೂರಾರು ಸ್ನಾಯು ಎಳೆಗಳಿಗೆ ನೀರು ಬಿಡುತ್ತದೆ. 60 ದಾಟಿದ ಮೇಲೆ ಈ ಬೋರ್‌ಗಳು ಬತ್ತುವುದು ಜಾಸ್ತಿ. ಪಕ್ಕದ ನರ ಸುಮ್ನೆ ಕೂರಲ್ಲ, ಪೈಪ್ ಎಳೆದು ದಿಕ್ಕಿಲ್ಲದ ಎಳೆಗಳಿಗೂ ನೀರು ಕೊಡುತ್ತದೆ. ಆದರೆ ಅದಾದರೂ ಎಷ್ಟು ತೋಟ ನೋಡೀತು? ಪೈಪ್ ತಲುಪದ ಎಳೆ ಒಣಗುತ್ತದೆ. ಹೆಚ್ಚು ಪೆಟ್ಟು ಬೀಳುವುದು ವೇಗದ ಎಳೆಗಳಿಗೆ. ಎಡವಿದಾಗ ತಟ್ಟನೆ ಕಾಲು ಮುಂದಿಡಿಸುವುದು ಅವೇ. ನಿಧಾನದ ನರವೊಂದು ಅವನ್ನು ಉಳಿಸಿಕೊಂಡರೂ, ಅವೂ ನಿಧಾನದ್ದೇ ಆಗಿಬಿಡುತ್ತವೆ. ಒಂದೇ ಸ್ವಿಚ್ಚಿಗೆ ಅಷ್ಟೊಂದು ತೋಟ ಸೇರಿದ ಮೇಲೆ ಚಲನೆಯ ನಾಜೂಕೂ ಕಮ್ಮಿ.

ವಾಕಿಂಗ್ ಹೆಚ್ಚಾಗಿ ನಿಧಾನದ ಎಳೆಗಳ ಕೆಲಸ. ಬಿಡುವುದು ಬೇಡ, ಆದರೆ ಅದೊಂದೇ ಸಾಲದು. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಚಟ್ಟನೆ ಏಳಲಿ, ನಿಧಾನಕ್ಕೆ ಕೂರಲಿ. ದಿನ ಬಿಟ್ಟು ದಿನ, ಪಕ್ಕದಲ್ಲಿ ಒಬ್ಬರು ನಿಂತಿರಿ. ಹೋದ ನರ ವಾಪಸ್ ಬರಲ್ಲ, ಉಳಿದವು ಚೆನ್ನಾಗಿ ದುಡಿಯುತ್ತವೆ. ಅಮೆರಿಕದಲ್ಲಿ 90ರ ಆಸುಪಾಸಿನ ಕೆಲವರಿಗೆ 8 ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಬಲ ಸರಾಸರಿ ಶೇ. 174ರಷ್ಟು ಏರಿದ್ದು 1990ರಲ್ಲಿ ಪ್ರಕಟವಾಯಿತು.

ಇನ್ನು ಊಟ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ, ಹುರುಳಿಯಲ್ಲಿ 20ಕ್ಕೂ ಜಾಸ್ತಿ. ಬಸ್ಸಾರಿನ ಕಾಳನ್ನೆಲ್ಲ ಮೊಮ್ಮಕ್ಕಳ ತಟ್ಟೆಗೆ ತಳ್ಳುವ ಚಾಳಿ ನಮ್ಮಮ್ಮನಿಗೂ ಇತ್ತು. ನಿಮ್ಮಪ್ಪನ ತಟ್ಟೆಯನ್ನೂ ಒಮ್ಮೆ ಗಮನಿಸಿ.

ಒಂದೇ ಕಾಲು ಸಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಅಥವಾ ಕೆಲವೇ ದಿನಗಳಲ್ಲಿ ಬಲ ಕುಗ್ಗಿದ್ದರೆ ಮಾತ್ರ ಇದನ್ನೆಲ್ಲ ಬಿಟ್ಟು ಮೊದಲು ನರದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.