ತಗ್ಗು ಬಿದ್ದ ಸಾಣೆಕಲ್ಲು, ಒಣಗಿದ ಚರ್ಮದ ಪಟ್ಟಾ

ಪ್ರಶ್ನೆ: ಕಾಕಾ, ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರ್ ಕಡೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕ್ಷೌರದ ಕತ್ತಿ, ಎರಡು ಸಾಣೆಕಲ್ಲು, ಕತ್ತಿ ಎಳೆದು ಬಾಯಿ ನಯ ಮಾಡುವ ಒಂದು ಚರ್ಮದ ಪಟ್ಟಾ ಸಿಕ್ಕವು. ಒಂದು ಕಲ್ಲು ಬೂದು ಬಣ್ಣದ್ದು. ಎಣ್ಣೆ ಜಿಡ್ಡು ಹಿಡಿದು, ನಡುವೆ ತಗ್ಗು ಬಿದ್ದಿದೆ. ಇನ್ನೊಂದು ಚಿಕ್ಕದು, ಮೇಲೆ ಹಳದಿ, ಕೆಳಗೆ ಕಪ್ಪು. ಪಟ್ಟಾ ಕಟ್ಟಿಗೆಯಂತೆ ಗಟ್ಟಿಯಾಗಿದೆ. ಎಷ್ಟು ಮಸೆದರೂ ಕತ್ತಿ ಕೂದಲು ಕೀಳುತ್ತದೆ. ಇವೆಲ್ಲ ಮತ್ತೆ ಬಳಕೆಗೆ ಬರುತ್ತವಾ?
— ಒಬ್ಬ ಓದುಗ, ಸಿಂಧನೂರು

ಉತ್ತರ: ಬರುತ್ತವೆ ತಮ್ಮಾ. ಆದರೆ ಮೊದಲು ಕತ್ತಿಯನ್ನು ಪಕ್ಕಕ್ಕಿಡಿ. ಆ ಬೂದು ಕಲ್ಲು ಸಪಾಟಾಗುವ ತನಕ ಅದರ ಮೇಲೆ ಕತ್ತಿ ಇಡಲೇಬೇಡಿ.

ಅಡುಗೆಮನೆ ಚಾಕು ಮಸೆಯುವಾಗ ಎಷ್ಟು ಓರೆ ಇರಬೇಕು ಅನ್ನೋದನ್ನು ನಮ್ಮ ಕೈ ನೋಡಿಕೊಳ್ಳುತ್ತದೆ. ಕ್ಷೌರದ ಕತ್ತಿಗೆ ಹಾಗಿಲ್ಲ. ಅದರ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಓರೆಯನ್ನು ಗೊತ್ತು ಮಾಡುತ್ತದೆ. ಸುಮಾರು 16–17 ಡಿಗ್ರಿ. ಕಲ್ಲಿನ ನಡುವೆ ತಗ್ಗಿದ್ದರೆ ಬಾಯಿ ಒಂದು ಕಡೆ ಜಾಸ್ತಿ ಸವೆಯುತ್ತದೆ, ಇನ್ನೊಂದು ಕಡೆ ತಾಗುವುದೇ ಇಲ್ಲ. ನಿಮ್ಮ ಕತ್ತಿ ಕೂದಲು ಕೀಳುತ್ತಿರುವುದು ಬಹುಶಃ ಇದರಿಂದಲೇ.

ಕಲ್ಲನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಸಂತೆಯಲ್ಲಿ ಗಡಿಗೆ ಬಡಿದು ನೋಡ್ತೀವಲ್ಲ, ಹಾಗೆ. ಕಣ್ ಅಂದರೆ ಒಳ್ಳೆಯದು. ಸದ್ದು ಒಡಕಾದರೆ ಒಳಗೆ ಬಿರುಕಿದೆ ಅಂತ. ಆಮೇಲೆ ಒಂದು ದಿನ ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಡಿ. ಒಲೆ, ದೀಪದಿಂದ ದೂರ, ಅಂಗಳದಲ್ಲಿ ಇಡಿ. ಹಳೆಯ ಜಿಡ್ಡು ಕರಗಿ ಕಪ್ಪಗೆ ಹೊರಬರುತ್ತದೆ. ನಂತರ ಬಟ್ಟೆ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಬ್ರಷ್ ಹಚ್ಚಿ ತಿಕ್ಕಿ. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತರೆ ಒಳಗೆ ಇನ್ನೂ ಎಣ್ಣೆ ಇದೆ, ಇನ್ನೊಂದು ಸಲ ನೆನೆಹಾಕಿ.

ಈಗ ಸಪಾಟು ಮಾಡುವ ಕೆಲಸ. ಇದಕ್ಕೆ ಗ್ರಾನೈಟ್ ಅಂಗಡಿಯಲ್ಲಿ ಪಾಲಿಶ್ ಆದ ಒಂದು ತುಂಡು ಕೇಳಿ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಅದರ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಾಣದಿದ್ದರೆ ಸಾಕು. ತುಂಡಿಗೆ ನೀರು ಚಿಮುಕಿಸಿ 220 ನಂಬರಿನ ಕಪ್ಪು ವಾಟರ್ ಪೇಪರ್ ಹಾಸಿ, ಅಲ್ಲೇ ಅಂಟಿಕೊಳ್ಳುತ್ತದೆ. ಸಾಣೆಕಲ್ಲಿನ ಮೇಲೆ ಪೆನ್ಸಿಲಿನಿಂದ ಅಡ್ಡ, ಉದ್ದ ಗೆರೆ ಎಳೆದು ತಿಕ್ಕಿ. ಮೊದಲು ಅಂಚಿನ ಗೆರೆ ಅಳಿಯುತ್ತವೆ. ನಡುವಿನವು ಹಟ ಹಿಡಿದು ನಿಲ್ಲುತ್ತವೆ, ತಗ್ಗು ಅಲ್ಲೇ ಇರೋದು. ಎಲ್ಲ ಗೆರೆ ಅಳಿದ ಮೇಲೆ ಮತ್ತೆ ಗೆರೆ ಹಾಕಿ ಇನ್ನೊಮ್ಮೆ ತಿಕ್ಕಿ. ಕೊನೆಗೆ 400, 600ರ ಪೇಪರ್. ಅಂಚುಗಳನ್ನೂ ಸ್ವಲ್ಪ ಸವರಿ ದುಂಡಗೆ ಮಾಡಿ, ಇಲ್ಲದಿದ್ದರೆ ಕತ್ತಿಯ ಬಾಯಿಗೆ ಪೆಟ್ಟು. ಯಾವಾಗಲೂ ನೀರು ಹಾಕಿಯೇ ತಿಕ್ಕಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಪೇಪರ್ ಐದಾರು ಹಾಳೆ ತನ್ನಿ. ಬೂದು ಕಲ್ಲು ಕಾರ್ಬೊರಂಡಮ್ ಆಗಿದ್ದರೆ ಅದು ಹಾಳೆಯನ್ನು ಬೇಗ ತಿನ್ನುತ್ತದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಮಾಡಿದ ಪದಾರ್ಥ ಅದು. ಕಪ್ಪು ವಾಟರ್ ಪೇಪರಿನಲ್ಲಿರುವುದೂ ಅದೇ ಪುಡಿ. ಉಗುರಿಗೆ ಆ ಕಲ್ಲು ಮರಳಿನಂತೆ ತರಿತರಿ ಅನಿಸಿದರೆ ಅದು ಬಡಗಿಯ ಉಳಿಗೆ ಸರಿ, ಗಡ್ಡದ ಕತ್ತಿಗೆ ಬೇಡ. ಕತ್ತಿಗೆ ಬಾಯಿ ಕಟ್ಟಲು 1000 ನಂಬರಿನ ಕಲ್ಲು, ಮುಗಿಸಲು 8000 ಅಥವಾ ಅದಕ್ಕಿಂತ ನಯವಾದದ್ದು ಬೇಕು.

ನಿಮ್ಮ ಚಿಕ್ಕ ಹಳದಿ ಕಲ್ಲನ್ನು ಮಾತ್ರ ಜೋಪಾನ ಮಾಡಿ. ಅದು ಬೆಲ್ಜಿಯಂನ ಕಲ್ಲು ಇರಬಹುದು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳಿರುತ್ತವೆ, ಕತ್ತಿ ಮಸೆಯೋದು ಅವೇ. ಹಳದಿ ಪದರ ತೆಳುವಾದ್ದರಿಂದ ಕೆಳಗೆ ಕಪ್ಪು ಸ್ಲೇಟ್ ಅಂಟಿಸಿರುತ್ತಾರೆ. ಕೊಪ್ಪಳದಲ್ಲಿ ನಮ್ಮ ಅಪ್ಪನ ಕಟಿಂಗ್ ಶಾಪಿನಲ್ಲೂ ಇಂಥದ್ದೊಂದು ಇತ್ತು. ಹದಿನಾಲ್ಕು ವರ್ಷದವನಿದ್ದಾಗ ಅಪ್ಪ ಖುಷಿಪಡಲಿ ಅಂತ ಅದನ್ನು ಕುದಿನೀರಿನಲ್ಲಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹಳದಿ ಬೇರೆ, ಕಪ್ಪು ಬೇರೆ. ಅಪ್ಪ ಒಂದು ಮಾತೂ ಆಡಲಿಲ್ಲ. ನೆರಳಲ್ಲಿ ಮೂರು ದಿನ ಒಣಗಿಸಿ ಮತ್ತೆ ಅಂಟಿಸಿದರು. ಆ ಕಲ್ಲು ಈಗಲೂ ನನ್ನ ಹತ್ತಿರ ಇದೆ. ನೀವು ಸೋಪಿನ ನೀರಲ್ಲಿ ತೊಳೆದು ತಕ್ಷಣ ಒರೆಸಿ. ಸಪಾಟು ಮಾಡಲು 600ರಿಂದಲೇ ಶುರು ಮಾಡಿ. ಆ ಪದರ ಸುಮ್ನೆ ಸವೆಸುವಂಥದ್ದಲ್ಲ.

ಇನ್ನು ಪಟ್ಟಾ. ನಮ್ಮ ಕಡೆಯ ಬಿಸಿಲಿಗೆ ಚರ್ಮ ಬೂಸ್ಟು ಹಿಡಿಯೋದಕ್ಕಿಂತ ಒಣಗಿ ಗಟ್ಟಿಯಾಗೋದೇ ಜಾಸ್ತಿ. ಮೆಲ್ಲಗೆ ಬಗ್ಗಿಸಿ ನೋಡಿ. ಮೈತುಂಬ ಸೀಳು ಬಿಟ್ಟರೆ ಅದು ಮುಗಿದ ಹಾಗೆ. ಸೀಳದಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಕೊಳೆ ಒರೆಸಿ ನೆರಳಲ್ಲಿ ಒಣಗಿಸಿ. ಆಮೇಲೆ ಹರಳೆಣ್ಣೆ ಎರಡೇ ಹನಿ. ಹೊಸ ಚಪ್ಪಲಿಗೆ ಹಚ್ಚುತ್ತೀವಲ್ಲ, ಅದೇ. ಅಂಗೈಗೆ ಸವರಿಕೊಂಡು ಪಟ್ಟಾವನ್ನು ಹತ್ತು ನಿಮಿಷ ತಿಕ್ಕಿ, ಒಂದು ದಿನ ಬಿಡಿ, ಬೇಕಾದರೆ ಮತ್ತೆ ಎರಡು ಹನಿ. ಎಣ್ಣೆ ಜಾಸ್ತಿಯಾದರೆ ಚರ್ಮ ಜೋತು ಬೀಳುತ್ತದೆ, ಕತ್ತಿಯ ಬಾಯಿ ದುಂಡಗಾಗುತ್ತದೆ. ಅಂಚಿನ ಸಣ್ಣ ಗಾಯಗಳನ್ನು 600ರ ಒಣ ಪೇಪರಿನಿಂದ ಸವರಿ. ನಡುವೆ ಆಳವಾಗಿ ಕೊಯ್ದಿದ್ದರೆ ಆ ಪಟ್ಟಾ ನಂಬಬೇಡಿ.

ಆ ಗಾಯಗಳು ಯಾಕೆ ಆಗುತ್ತವೆ ಗೊತ್ತಾ? ಕಲ್ಲಿನ ಮೇಲೆ ಕತ್ತಿಯ ಬಾಯಿ ಮುಂದೆ ಹೋಗಬೇಕು, ಪಟ್ಟಾದ ಮೇಲೆ ಬೆನ್ನು ಮುಂದೆ. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು. ಪಟ್ಟಾ ಬಿಗಿಯಾಗಿರಲಿ, ಕೈ ಹಗುರ ಇರಲಿ. ಪಟ್ಟಾಕ್ಕೆ ಕ್ಯಾನ್ವಾಸ್ ಬಟ್ಟೆಯ ಪಟ್ಟಿಯೂ ಇದ್ದರೆ ಮೊದಲು ಅದರ ಮೇಲೆ 25–30 ಸಲ, ಚರ್ಮದ ಮೇಲೆ 50–60 ಸಲ ಸಾಕು.

ಒಂದು ಮಾತು. ಕತ್ತಿಯನ್ನು ಸ್ಪಿರಿಟ್‌ನಿಂದ ಒರೆಸಿ, ನಿಮ್ಮ ಗಡ್ಡಕ್ಕೆ ಮಾತ್ರ ಬಳಸಿ. ಎಚ್‌ಐವಿ ಬಗ್ಗೆ ತಿಳಿದ ಮೇಲೆ ನಮ್ಮ ಅಂಗಡಿಯಲ್ಲಿ ಬ್ಲೇಡ್ ಬದಲಿಸುವ ಕತ್ತಿಯನ್ನೇ ಹಿಡಿದೆವು. ಅದು ಸರಿಯಾದ ನಿರ್ಧಾರ.

ಪ್ರಶ್ನೆ: ಪಟ್ಟಾದ ಚರ್ಮಕ್ಕೆ ಹಸಿರು ಪೇಸ್ಟ್ ಹಚ್ಚಬಹುದೇ?
— ಒಬ್ಬ ಓದುಗ, ಗಂಗಾವತಿ

ಉತ್ತರ: ಬೇಡ. ಅದು ಕ್ರೋಮಿಯಂ ಆಕ್ಸೈಡ್, ಅದೂ ಒಂದು ಬಗೆಯ ಮಸೆಯುವ ಪುಡಿ. ಒಮ್ಮೆ ಚರ್ಮಕ್ಕೆ ಇಳಿದರೆ ಪೂರ್ತಿ ತೆಗೆಯೋದು ಕಷ್ಟ. ಹಳೆಯ ಬೆಲ್ಟಿನ ತುಂಡೊಂದನ್ನು ಸಪಾಟಾದ ಹಲಗೆಗೆ ಅಂಟಿಸಿ, ಪೇಸ್ಟ್ ಅದಕ್ಕೆ ಹಚ್ಚಿ. ತಿಂಗಳಿಗೊಮ್ಮೆ ಹತ್ತು ಸಲ ಎಳೆದರೆ ಸಾಕು. ಕತ್ತಿಯನ್ನು ಚೆನ್ನಾಗಿ ಒರೆಸಿ ಆಮೇಲೆ ಪಟ್ಟಾಕ್ಕೆ ಹೋಗಿ.